ಹಿಂದಿನ ಬಾಗಿಲ ಸ್ಪೀಕರ್

ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ಕಾರುಗಳಿಗೆ ಸ್ಟೀರಿಯೋ ಹಾಕುವ ಅಂಗಡಿ ನನ್ನದು. 'ಆಫ್ ಮಾಡಿದ್ರೂ ಒಳಗೆ ಯಾರೋ ಮಾತಾಡ್ತಾರೆ ಗುರು' ಎಂದು ಗಾಡಿ ತಂದವರನ್ನು ನಾನು ನಕ್ಕು ಕಳಿಸಿದ್ದೇನೆ. ಆಂಪ್ಲಿಫೈಯರ್‌ನ ಅರ್ತ್ ವೈರು ಸಡಿಲವಾದರೆ ವೈರುಗಳು ಎಲ್ಲಿಂದಲೋ ಒಂದು ದನಿಯನ್ನು ಹಿಡಿದು ತರುವುದುಂಟು. ಅದಕ್ಕೆ ದೆವ್ವ ಬೇಕಿಲ್ಲ. ಈಗಲೂ ದೆವ್ವವನ್ನು ನಂಬು ಎಂದರೆ ನನ್ನಿಂದ ಆಗದು. ಆದರೆ ಕೆಲವು ವರ್ಷಗಳ ಹಿಂದೆ ನನ್ನ ಕಾರಿನಲ್ಲೇ ನಡೆದದ್ದನ್ನು ಏನೆನ್ನಬೇಕೋ ತಿಳಿಯದು.

ಆಗ ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಮೈಯ ಬಲಭಾಗ ಬಿದ್ದುಹೋಗಿತ್ತು. ಮಾತು ಪೂರ್ತಿ ನಿಂತಿತ್ತು. ದಿನವಿಡೀ ಮನೆ ತುಂಬ ಮಾತಾಡುತ್ತಿದ್ದ ಹೆಂಗಸು, ನೀರು ಬೇಕೆಂದರೂ ಎಡಗೈ ಆಡಿಸಬೇಕಾಗಿತ್ತು. ನಾನೂ ನನ್ನ ಹೆಂಡತಿ ಶೋಭಾಳೂ ಅವಳನ್ನು ದೇವನಹಳ್ಳಿಗೆ ವ್ಯಾಯಾಮ ಮಾಡಿಸಲು ಕರೆದೊಯ್ಯುತ್ತಿದ್ದೆವು.

ಒಂದು ಬೇಸಿಗೆಯ ಮಧ್ಯಾಹ್ನ ವಾಪಸು ಬರುವಾಗ ಸ್ಪೀಕರುಗಳು ಕುಯ್ಯೆನ್ನತೊಡಗಿದವು. ಆಕ್ಸಿಲರೇಟರ್ ಒತ್ತಿದಷ್ಟೂ ಆ ಸದ್ದು ಏರುತ್ತಿತ್ತು. ಹಿಂದಿನ ಸೀಟಿನಲ್ಲಿ ಶೋಭಾಳ ಪಕ್ಕ ಕೂತಿದ್ದ ಅಮ್ಮ ಮುಖ ಹಿಂಡುವುದನ್ನು ಕನ್ನಡಿಯಲ್ಲಿ ನೋಡಿ ನಲ್ಲೂರಿನ ಹುಣಸೆ ತೋಪಿನ ಪಕ್ಕ ಗಾಡಿ ನಿಲ್ಲಿಸಿದೆ. ಲಾರಿಗಳ ಧೂಳು ಒಳಬರದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ಎಂಜಿನ್ ಆರಿಸಿ ಕೆಳಗಿಳಿದು, ನನ್ನ ಬಾಗಿಲ ಬಳಿಯೇ ಕುಕ್ಕರಿಸಿದೆ. ಮುಂದಿನ ಸೀಟಿನಡಿಯ ಆಂಪ್ಲಿಫೈಯರ್‌ನ ವೈರುಗಳನ್ನೆಲ್ಲ ಬಿಚ್ಚಿ, ಅದನ್ನು ಹೊರಗೆಳೆದು ತೊಡೆಯ ಮೇಲಿಟ್ಟುಕೊಂಡೆ. ಅದಿಲ್ಲದೆ ಯಾವ ಸ್ಪೀಕರಿಗೂ ದನಿಯಿಲ್ಲ.

"ಲೇ ಮಗ, ಆ ಕಿಟಕಿ ಇಳ್ಸೋ. ಸೆಕೆ ತಡ್ಯಕ್ಕಾಗ್ತಿಲ್ಲ."

"ಹೂಂ ಅಮ್ಮ" ಎಂದು ಕೀ ತಿರುಗಿಸಿ ಗಾಜು ಇಳಿಸಿಬಿಟ್ಟೆ. ಆಮೇಲೆ ಕೈ ಅಲ್ಲೇ ನಿಂತಿತು. ಅಮ್ಮನ ದನಿಯೇ. ಕಾಯಿಲೆಗೆ ಮುಂಚಿನ, ತುಸು ಗದರುವ ದನಿ.

ತಿರುಗಿ ನೋಡಿದೆ. ಅಮ್ಮನ ಬಾಯಿ ಎಂದಿನಂತೆ ಒಂದು ಕಡೆಗೆ ವಾಲಿತ್ತು. ಗಾಳಿ ತಾಗಿ ಅವಳು ಕಣ್ಣು ಮುಚ್ಚಿದಳು. ಶೋಭಾ ಬೆವರುತ್ತಿದ್ದಳು.

"ಅಮ್ಮ ಮಾತಾಡಿದ್ಲಾ?" ಎಂದೆ.

"ಬಾಯಿಂದ ಅಲ್ಲ ಕಣ್ರೀ. ಅತ್ತೆ ಮುಖಾನೇ ನೋಡ್ತಾ ಇದ್ದೆ, ತುಟಿ ಅಲ್ಲಾಡ್ಲಿಲ್ಲ. ಇಲ್ಲಿಂದ ಬಂತು" ಎಂದು ಅವಳು ತನ್ನ ಮೊಣಕಾಲ ಬಳಿ ಬಾಗಿಲಲ್ಲಿದ್ದ ಸ್ಪೀಕರನ್ನು ತೋರಿಸಿದಳು. ಅದಕ್ಕೆ ಹೋಗುವ ವೈರು ಯಾವುದಕ್ಕೂ ಕೂಡಿಸದೆ ನನ್ನ ಕಾಲ ಮುಂದೆ ಬಿದ್ದಿತ್ತು.

ವೈದ್ಯರು, ಇಂಥ ರೋಗಿಗಳ ಬಾಯಿಂದ ಅಪರೂಪಕ್ಕೆ ಒಂದು ಮಾತು ಹೊರಡುವುದುಂಟು ಎಂದರು. ಇರಬಹುದು. ಆದರೆ ಶೋಭಾ ಇವತ್ತಿಗೂ ತಾನು ಕಂಡದ್ದನ್ನು ಬದಲಿಸಿ ಹೇಳಿಲ್ಲ. ಬಾಗಿಲು ಬಿಚ್ಚಿ ಸ್ಪೀಕರನ್ನು ಮತ್ತೆ ಮತ್ತೆ ಪರೀಕ್ಷಿಸಿದೆ. ಅದರಲ್ಲಿ ಯಾವ ವಿಶೇಷವೂ ಇರಲಿಲ್ಲ.

ಆಮೇಲೆ ನನಗೆ ಒಂಥರಾ ಹುಚ್ಚು ಹಿಡಿಯಿತು. ಅಮ್ಮನನ್ನು ಎತ್ತಿ ಕಾರಿನಲ್ಲಿ ಕೂರಿಸಿ, ಅದೇ ತೋಪಿಗೆ, ಅದೇ ಬಿಸಿಲಿಗೆ ಕರೆದೊಯ್ಯುತ್ತಿದ್ದೆ. ವೈರು ಬಿಚ್ಚಿ ನೋಡಿದೆ, ಕೂಡಿಸಿ ನೋಡಿದೆ. "ಅಮ್ಮಾ, ಇನ್ನೊಂದ್ಸಲ ಮಾತಾಡು" ಎಂದು ಬೇಡಿದೆ. ಒಂದು ದಿನ ಅವಳ ಕಣ್ಣಲ್ಲಿ ನೀರು ಸುರಿಯಿತು. "ಸಾಕು ಬಿಡ್ರೀ, ಅವ್ರಿಗೆ ಯಾಕೆ ಹಿಂಸೆ ಕೊಡ್ತೀರಾ" ಎಂದು ಶೋಭಾ ಗದರಿದಳು. ಅಂದಿಗೆ ನಿಲ್ಲಿಸಿದೆ.

ಆ ದನಿ ಮತ್ತೆ ಬರಲಿಲ್ಲ. ಒಮ್ಮೆ ಬಂದದ್ದು ಇನ್ನೊಮ್ಮೆ ಏಕೆ ಬರಲಿಲ್ಲ, ಬಂದಾಗಲಾದರೂ ಬರೀ ಕಿಟಕಿಯ ಮಾತು ಏಕೆ, ನನಗೆ ಅರ್ಥವಾಗಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಳು. ಕೊನೆಯ ಬೆಳಿಗ್ಗೆ ನನ್ನನ್ನೇ ನೋಡುತ್ತಾ ಎಡಗೈ ಎತ್ತಿದಳು. "ನೀರಾ ಅಮ್ಮ? ಹೊದಿಕೇನಾ? ಶೋಭಾನ ಕರೀಲಾ?" ಎಂದೆ. ಒಂದೊಂದಕ್ಕೂ ಅವಳ ಕೈ ಬೇಡವೆಂದು ಅಲ್ಲಾಡಿತು. ಬಗ್ಗಿ ಅವಳ ಬಾಯಿಗೆ ಕಿವಿ ಹಚ್ಚಿದೆ. ಬಿಸಿಯುಸಿರು ಮಾತ್ರ ತಾಗಿತು. ಅವಳಿಗೆ ಏನು ಬೇಕಿತ್ತೋ ನನಗೆ ಗೊತ್ತಾಗಲೇ ಇಲ್ಲ.