ಅಕ್ಕನ ಮೊಲ ಕಡಿದ ಟವೆಲ್

ಹಳೆಯ ಟ್ರಂಕನ್ನು ಒಪ್ಪ ಮಾಡುತ್ತಿದ್ದ ಸೊಸೆ ಈಗ ತಾನೇ ಒಂದು ಚೌಕಳಿ ಟವೆಲ್ ಹಿಡಿದು ಬಂದಳು. "ಮಾವ, ಇದುನ್ನ ಇಲಿ ಕಡ್ದಾಕೈತೆ. ನೆಲ ಒರ್ಸಕ್ಕೆ ಇಟ್ಕೊಳ್ಳಾ?" ಎಂದಳು. ಅವಳ ಕೈಯಿಂದ ಕಿತ್ತುಕೊಂಡೆ. ಪಾಪ, ಬೆಚ್ಚಿಬಿದ್ದಳು. ಅದನ್ನು ಕಡಿದದ್ದು ಇಲಿಯಲ್ಲ, ಮೊಲ. ನನ್ನ ಅಕ್ಕನ ಮೊಲ.

ನಾವು ಜವಳಗಿರಿ ಕಡೆಯವರು. ಅಕ್ಕನನ್ನು ಕೊಟ್ಟಿದ್ದೂ ಅಲ್ಲಿಗೇ. ಭಾವ ತೀರಿಕೊಂಡ ಮೇಲೆ ಅವಳು ಮತ್ತಿಗಿರಿಯ ನನ್ನ ಮನೆಗೆ ಬಂದಳು, ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಬಿದಿರು ಬುಟ್ಟಿ. ಬುಟ್ಟಿಯೊಳಗೆ ಬಿಳಿ ಮೊಲ. ಮಕ್ಕಳಿಲ್ಲದ ಅವಳಿಗೆ ಭಾವ ಸಂತೆಯಿಂದ ತಂದುಕೊಟ್ಟಿದ್ದು. ಇಬ್ಬರೂ ಇನ್ನು ನನ್ನ ಮನೆಯಲ್ಲೇ ಇರಬೇಕಿತ್ತು. ಅವಳಿಗೆ ಬೇರೆ ದಿಕ್ಕಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು... ಗೊತ್ತಿದ್ದದ್ದಕ್ಕೇ ಅಷ್ಟು ದರ್ಪ ಮಾಡಿದೆ.

ಮೊಲ ನನ್ನನ್ನು ಕಂಡರೆ ಹಿಂಗಾಲನ್ನು ನೆಲಕ್ಕೆ ಬಡಿಯುತ್ತಿತ್ತು. ನನ್ನ ಚಾಪೆಯ ಮೇಲೇ ಉಚ್ಚೆ ಹೊಯ್ಯುತ್ತಿತ್ತು. ಫೋನಿನ ಚಾರ್ಜರ್ ವೈರನ್ನು ಎರಡು ಸಲ ಕತ್ತರಿಸಿತು. ನಮ್ಮ ಕಡೆ ಮೊಲವೆಂದರೆ ಬಲೆಗೆ ಬಿದ್ದ ಕಾಡುಮೊಲ, ಅದನ್ನು ಕಿವಿ ಹಿಡಿದೇ ಎತ್ತುವುದು. ಅಪ್ಪ ಹಾಗೆ ಎತ್ತಿದ್ದನ್ನು ನೋಡಿ ಬೆಳೆದವನು ನಾನು. ಹಾಗೇ ಎತ್ತಿದೆ. ಗಾಳಿಯಲ್ಲಿ ಒದ್ದಾಡಿ, ಹೆಬ್ಬೆರಳ ಬುಡಕ್ಕೆ ಹಲ್ಲು ಊರಿತು. ರಕ್ತ ಬಂತು. ಬುಟ್ಟಿಯೊಳಕ್ಕೆ ಎಸೆದೆ.

ಅಕ್ಕ ಮೊಲವನ್ನು ಎದೆಗವಚಿಕೊಂಡು ನಿಂತಳು. "ಕಿವಿ ಇಡ್ದು ಎತ್ತದು ಕುಯ್ಯೋ ಮೊಲವ ಕಣ್ಲಾ. ಸಾಕೋ ಮೊಲಕ್ಕೆ ಕೆಳಗಿಂದ ಕೈ ಕೊಡ್ಬೇಕು. ಮೇಲಿಂದ ಕೈ ಬಂದ್ರೆ ಅದುಕ್ಕೆ ಹದ್ದು ಬಂದಂಗೆ" ಎಂದಳು.

"ಸೊಕ್ಕು ಅದುಕ್ಕೆ" ಎಂದೆ.

"ಸೊಕ್ಕಲ್ಲ, ಭಯ. ನಿನ್ ಮನೇಗೆ ಬಂದೋರೆಲ್ಲ ಹೆದರ್ಕೊಂಡೇ ಇರ್ಬೇಕಲ್ಲ, ಇನ್ನ ಮೊಲ ಏನ್ ಮಾಡಾತು!" ಎಂದು ನಕ್ಕಳು. ಒಳಗಿನಿಂದ ನನ್ನ ಹೆಂಡತಿಯೂ ನಕ್ಕಳು. ಆ ನಗುವನ್ನು ನಾನು ಕ್ಷಮಿಸಲಿಲ್ಲ.

ಅಂದಿನಿಂದ ಅಕ್ಕ ಮೊಲದ ಭಯ ಬಿಡಿಸಲು ಹಟ ಹಿಡಿದಳು. ಗಾಡಿ ನಿಲ್ಲಿಸುವ ಬಾಗಿಲಿನಿಂದ ಬುಟ್ಟಿಯನ್ನು ಹಿತ್ತಲ ಮೂಲೆಗೆ ಸಾಗಿಸಿದಳು. ಅದು ಅವಿತುಕೊಳ್ಳಲೆಂದು ಒಂದು ಹಣ್ಣಿನ ಪೆಟ್ಟಿಗೆಯನ್ನು ಬೋರಲು ಹಾಕಿ ಬಾಗಿಲು ಕೊರೆದಳು. ವೈರಿನ ಬದಲು ಕಡಿಯಲು ಹುಣಸೆ ಕಡ್ಡಿ ಕೊಟ್ಟಳು. ನಾನು ದಿನಾ ಫಿನಾಯಿಲ್ ಸುರಿದು ನೆಲ ತೊಳೆಸುತ್ತಿದ್ದೆ. "ಅದ್ರ ವಾಸ್ನೆ ಎಲ್ಲಾ ತೊಳ್ದಾಕ್ತೀಯ, ಅದು ತಿರ್ಗಾ ಹೊಯ್ದು ಗುರ್ತು ಹಾಕ್ಕಂತದೆ" ಎಂದು, ಒಂದು ತಟ್ಟೆಯಲ್ಲಿ ಉಚ್ಚೆಯಾದ ಹುಲ್ಲನ್ನು ಸ್ವಲ್ಪ ಉಳಿಸಿಟ್ಟಳು. ಮೊಲ ಅಲ್ಲಿಗೇ ಹೋಗತೊಡಗಿತು. ಸಂಜೆ ಅಕ್ಕ ನೆಲದ ಮೇಲೆ ಕುಳಿತು, ಕೊತ್ತಂಬರಿ ಕಡ್ಡಿ ಇಟ್ಟ ಅಂಗೈಯನ್ನು ನೆಲಕ್ಕೆ ಚಾಚಿ, ಅದರ ಕಡೆ ನೋಡದೆ ಸುಮ್ಮನಿರುತ್ತಿದ್ದಳು. ಅಷ್ಟು ತಾಳ್ಮೆ ಕಂಡರೆ ನನಗೆ ಮೈ ಉರಿಯುತ್ತಿತ್ತು. ನನ್ನನ್ನು ಅಣಕಿಸಲೆಂದೇ ಕುಳಿತಿದ್ದಾಳೆ ಅನ್ನಿಸುತ್ತಿತ್ತು.

ಒಂದು ದಿನ ನನ್ನ ಟವೆಲ್ ಮೊಲದ ಪೆಟ್ಟಿಗೆಯಲ್ಲಿ ಸಿಕ್ಕಿತು. ಬೆವರು ಒರೆಸಿ ಎಸೆದಿದ್ದ ಟವೆಲ್, ಅಂಚೆಲ್ಲ ಕಡಿದಿತ್ತು. ಕೂಗಾಡಿದೆ.

"ನಿನ್ ವಾಸ್ನೆ ಅದುಕ್ಕೆ ಅಬ್ಯಾಸ ಆಗ್ಲಿ ಅಂತ ನಾನೇ ಹಾಸಿವ್ನಿ ಕಣೋ. ಆಮೇಲೆ ನಿನ್ನೂ ಕಚ್ಚಾಕಿಲ್ಲ" ಎಂದಳು.

"ಮೊಲಕ್ಕೂ ನಾನೇ ಕೂಳು ಹಾಕ್ಬೇಕು, ನಿನಗೂ ನಾನೇ ಹಾಕ್ಬೇಕು, ಮೇಲೆ ನನ್ ಟವೆಲ್ ಬೇರೆ!" ಎಂದುಬಿಟ್ಟೆ. ಅಕ್ಕ ಟವೆಲನ್ನು ತೆಗೆಯಲಿಲ್ಲ.

ಆ ಸಿಟ್ಟಿನಲ್ಲೇ ಉದ್ದನಪಲ್ಲಿಯಿಂದ ನಮ್ಮ ಕಾರ್ಖಾನೆಗೆ ಕೆಲಸಕ್ಕೆ ಬರುವ ಒಬ್ಬನಿಗೆ, ಮೊಲ ಕೊಡ್ತೀನಿ ಬಾ ಎಂದೆ. ಸಾಕುವುದಕ್ಕೆ ಅವನು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಕ್ಕ ಸೊಪ್ಪು ತರಲು ಹೋಗಿದ್ದಾಗ ಅವನು ಬಂದ. ನಾನು ಹಿತ್ತಲಿಗೆ ಹೋಗಿ, ಕೈಗೆ ಚೀಲ ಸುತ್ತಿಕೊಳ್ಳುವುದನ್ನೂ ಮರೆತು, ಪೆಟ್ಟಿಗೆಯೊಳಕ್ಕೆ ಕೈ ಹಾಕಿದೆ.

ಅದು ಕಚ್ಚಲಿಲ್ಲ. ಮೂಗು ಅಲ್ಲಾಡಿಸಿ ಮೂಸಿತು. ನನ್ನ ಅಂಗೈಗೆ ಗಲ್ಲ ಉಜ್ಜಿ ತಾನಾಗಿ ಮುಂದೆ ಬಂತು...

ಅಲ್ಲಿಗೆ ನಿಲ್ಲಿಸಬಹುದಿತ್ತು. ಬೇಡ ಹೋಗಯ್ಯ ಎಂದು ಅವನನ್ನು ಕಳಿಸಬಹುದಿತ್ತು. ಆದರೆ ಅಕ್ಕ ಹೇಳಿದ್ದೇ ನಿಜವಾಯಿತಲ್ಲ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು. ಎಂಥ ನೀಚ ಸಿಟ್ಟು ಅದು! ಕಿವಿ ಹಿಡಿದು ಎತ್ತಿದೆ, ಅವನ ಚೀಲಕ್ಕೆ ಹಾಕಿದೆ. "ಭಾನ್ವಾರ ಊಟಕ್ಕೆ ಬಂದ್ಬುಡಣ್ಣ" ಎಂದು ಅವನು ಗಾಡಿ ಹತ್ತಿದ. ನಾನು ಹಲ್ಲು ಕಿರಿದೆ.

ಅಕ್ಕ ಬಂದಳು. ಖಾಲಿ ಪೆಟ್ಟಿಗೆ ನೋಡಿದಳು. ಎಲ್ಲಿ, ಯಾರಿಗೆ ಎಂದು ಕೇಳಲಿಲ್ಲ. ಮಡಿಲಲ್ಲಿದ್ದ ಸೊಪ್ಪನ್ನೂ ಇಳಿಸದೆ ಕೇಳಿದ್ದು ಒಂದೇ ಮಾತು: "ಕಚ್ತೇನ್ಲಾ ನಿನ್ನ?"

"ಹ್ಞೂಂ, ಕಚ್ತು. ಅದ್ಕೇ ಕೊಟ್ಬುಟ್ಟೆ" ಎಂದೆ.

ಅವಳು ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. ಇನ್ನೊಂದನ್ನೂ ನೋಡಿದಳು. ಮೆಲ್ಲಗೆ ಬಿಟ್ಟಳು. ಬೈದಿದ್ದರೆ, ಶಾಪ ಹಾಕಿದ್ದರೆ, ಜಗಳವಾಡಿ ಗೆದ್ದುಬಿಡುತ್ತಿದ್ದೆ. ಆ ಅವಕಾಶವನ್ನೂ ಕೊಡಲಿಲ್ಲವಲ್ಲ ಎಂದು ಅವಳ ಮೇಲೆ ನನಗೆ ಇವತ್ತಿಗೂ ಕೋಪ.

ಬೆಳಿಗ್ಗೆ ಟವೆಲನ್ನು ಒಗೆದು ಮಡಿಸಿ ನನ್ನ ಚಾಪೆಯ ಮೇಲಿಟ್ಟು ಜವಳಗಿರಿಯ ಬಸ್ಸು ಹತ್ತಿದಳು. ಅಲ್ಲಿ ಭಾವನ ತಮ್ಮನ ಮನೆಯ ಜಗಲಿಯಲ್ಲಿ ಇದ್ದಳಂತೆ. ಕರೆಯಲು ನಾನು ಹೋಗಲಿಲ್ಲ. ಹೋದದ್ದು ಅವಳ ಮಣ್ಣಿಗೆ.

ಟವೆಲ್ ಈಗ ನನ್ನ ತೊಡೆಯ ಮೇಲಿದೆ. ಮೂಸಿದರೆ ಟ್ರಂಕಿನ ತುಕ್ಕಿನ ವಾಸನೆ, ಅಷ್ಟೇ. ಸೊಸೆ ಬಾಗಿಲಲ್ಲಿ ನಿಂತು, ಬೈಸಿಕೊಳ್ಳುತ್ತೇನೋ ಎಂದು ಅಳುಕುತ್ತಾ ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಈ ಮನೆಯಲ್ಲಿ ಇನ್ನೂ ಒಬ್ಬರಿಗೆ ನನ್ನ ಕೈ ಕಂಡರೆ ಹದ್ದು ಬಂದಂತೆ... ಹತ್ತಿರ ಕರೆಯಲು ಬಾಯಿ ತೆರೆದೆ. ನನಗೆ ಗದರುವುದು ಬಿಟ್ಟು ಬೇರೆ ದನಿಯೇ ಬರಲಿಲ್ಲ.