ಕಾರಿನ ಸದ್ದು ನಿಂತ ಮೇಲೆ

ನನ್ನ ಕಾರಿಗೆ ನನಗಿಂತ ಮೊದಲೇ ಊರು ಮುಟ್ಟುವ ಚಟವಿತ್ತು. ನಾನಿನ್ನೂ ತಿರುವಿನ ಆಚೆ ಇರುವಾಗಲೇ ಅದರ ಸದ್ದು ಬಂದು, ಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಕೂತಿರುತ್ತಿತ್ತು. ಹಾಗಂತ ಅದೇನು ಸಿಂಹದ ಗರ್ಜನೆಯಲ್ಲ. ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದಂಥ ಗಲಗಲ, ಅದರ ಬೆನ್ನಿಗೆ ನೆಗಡಿಯಾದ ಎಮ್ಮೆಯ ಗುಟುರು. ಇಬ್ರಾಹಿಂಪುರದ ನಮ್ಮ ಓಣಿಯ ನಾಯಿಗಳು ಬೇರೆ ಯಾವ ಗಾಡಿಗೂ ಮೈ ಅಲುಗಿಸುತ್ತಿರಲಿಲ್ಲ, ನನ್ನ ಗಾಡಿಗೆ ಮಾತ್ರ ಎದ್ದು ದಾರಿ ಬಿಡುತ್ತಿದ್ದವು. ಅದನ್ನು ನಾನು ಗೌರವವೆಂದೇ ತಿಳಿದಿದ್ದೆ.

ಬಬಲೇಶ್ವರದ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಅಲ್ಲಿಯೂ ಇದೇ ಕಥೆ. ನಾನು ತರಗತಿಗೆ ಕಾಲಿಡುವ ಹೊತ್ತಿಗೆ ಎಲ್ಲರ ಪುಸ್ತಕವೂ ತೆರೆದಿರುತ್ತಿತ್ತು, ಎಲ್ಲರ ಹುಬ್ಬೂ ಗಂಟಾಗಿರುತ್ತಿತ್ತು. ಇಷ್ಟು ಶಿಸ್ತಿನ ಮಕ್ಕಳು ಜಿಲ್ಲೆಯಲ್ಲೇ ಇಲ್ಲವೆಂದು ಸಹೋದ್ಯೋಗಿಗಳ ಮುಂದೆ ಹೇಳಿಕೊಂಡಿದ್ದೇನೆ. ಅವರು ಯಾಕೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರೆಂಬುದು ಆಗ ತಿಳಿಯಲಿಲ್ಲ.

ಸದ್ದಿನ ಮೂಲ ಮಾತ್ರ ನನಗೆ ಗೊತ್ತಿತ್ತು. ಕಾರಿನ ಹೊಟ್ಟೆಯಡಿ, ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ, ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಒಂದು ಡಬ್ಬಿ ಇರುತ್ತದೆ. ಒಳಗೆ ಜೇನುಹುಟ್ಟಿನಂಥ ಪಿಂಗಾಣಿ ಗೂಡು, ಗೂಡಿನ ಗೋಡೆಗೆ ಪ್ಲಾಟಿನಮ್ಮಿನಂಥ ಲೋಹದ ತೆಳುವಾದ ಲೇಪ. ಎಂಜಿನ್ನಿನಿಂದ ಬಂದ ವಿಷದ ಹೊಗೆ ಅದರೊಳಗೆ ಹಾದು, ತಕ್ಕಮಟ್ಟಿಗೆ ಸಭ್ಯವಾದ ಗಾಳಿಯಾಗಿ ಹೊರಬರುತ್ತದೆ. ವೇಗವರ್ಧಕವೆಂದರೆ ಕ್ರಿಯೆಯನ್ನು ಚುರುಕುಗೊಳಿಸಿ ತಾನು ಮಾತ್ರ ಬದಲಾಗದೆ ಉಳಿಯುವ ವಸ್ತು ಎಂದು ಪ್ರತಿವರ್ಷ ಮಕ್ಕಳಿಗೆ ಬರೆಸುತ್ತೇನೆ. ಬದಲಾಗದೆ ಉಳಿಯುವುದು ಪುಸ್ತಕದ ಮಾತು. ನಮ್ಮ ರಸ್ತೆಗಳ ಮೇಲೆ ಹಾಗೆ ಉಳಿಯುವ ವಸ್ತು ಯಾವುದೂ ಇಲ್ಲ. ನನ್ನ ಹಳೆಯ ಕಾರಿನ ಗೂಡು ಒಡೆದು ಚೂರಾಗಿ ಡಬ್ಬಿಯೊಳಗೇ ಉರುಳಾಡುತ್ತಿತ್ತು, ಡಬ್ಬಿಯ ಬೆಸುಗೆಯೂ ಬಿಟ್ಟಿತ್ತು. ಇಷ್ಟು ತಿಳಿದೂ ರಿಪೇರಿಗೆ ಬಿಡಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ಬಬಲೇಶ್ವರ, ಭಾನುವಾರ ಹೊನವಾಡ. ಕಾರು ಬಿಟ್ಟಿರಲು ನನಗೆ ದಿನವೇ ಸಿಗುತ್ತಿರಲಿಲ್ಲ.

ಹೊನವಾಡಕ್ಕೆ ನನ್ನ ಅಕ್ಕ ಗೌರಿಯನ್ನು ಕೊಟ್ಟಿತ್ತು. ಅಕ್ಕನ ಗಂಡ ಮಲ್ಲಪ್ಪನನ್ನು ನಾನು ಕರೆಯುವುದು ಮಾಮಾ ಎಂದು. ದ್ರಾಕ್ಷಿ ತೋಟ, ಒಂದಿಷ್ಟು ಜೋಳದ ಹೊಲ, ಬಲು ಕಡಿಮೆ ಮಾತು, ಇಷ್ಟು ಆತನ ಆಸ್ತಿ. ಮಕ್ಕಳಾಗಲಿಲ್ಲ. ಪಕ್ಕದಲ್ಲಿ ಮೋಟು ಗೋಡೆಯಾಚೆ ಮಾಮಾನ ತಮ್ಮನ ಸಂಸಾರ. ಅಕ್ಕನ ಎಡಗಡೆಯ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಾಗ ಮೀರಜಿನ ಆಸ್ಪತ್ರೆಯೊಂದರಲ್ಲಿ ತೆಗೆಸಿದರು. ಆಮೇಲೆ ಔಷಧಿಯ ಬಾಟಲಿ ಏರಿಸಿಕೊಳ್ಳಲು ಹೋಗಿಬರುವುದು ಶುರುವಾಯಿತು. ನಾನು ಜೊತೆಗೆ ಬರುತ್ತೇನೆಂದರೆ ಅಕ್ಕ ಒಪ್ಪುತ್ತಿರಲಿಲ್ಲ. ರಜೆ ಹಾಕಬೇಡ, ಮಕ್ಕಳ ಪಾಠ ಕೆಡುತ್ತದೆ, ನೀನು ಕಲಿಸುವ ಕೆಮಿಸ್ಟ್ರಿಯನ್ನೇ ಇಲ್ಲಿ ನನಗೆ ಬಾಟಲಿಯಲ್ಲಿ ಏರಿಸುತ್ತಿದ್ದಾರೆ, ಅದರಲ್ಲಿ ನೋಡುವುದೇನಿದೆ ಎನ್ನುತ್ತಿದ್ದಳು. ನಾನು ನಕ್ಕುಬಿಡುತ್ತಿದ್ದೆ. ನಗಿಸಿ ವಿಷಯ ಮರೆಸುವುದರಲ್ಲಿ ಅವಳದು ಎತ್ತಿದ ಕೈ.

ಹೀಗಾಗಿ ಭಾನುವಾರಗಳು ನನ್ನ ಪಾಲಿಗೆ ಬಂದವು. ತೊರವಿ ದಾಟಿ, ತಿಕೋಟಾ ದಾಟಿ, ಎರಡೂ ಕಡೆ ದ್ರಾಕ್ಷಿ ಚಪ್ಪರ, ಒಣದ್ರಾಕ್ಷಿಯ ಶೆಡ್ಡುಗಳಿಗೆ ಹೊದಿಸಿದ ಹಸಿರು ಬಲೆ ನೋಡುತ್ತ ಹೊನವಾಡ ಸೇರುತ್ತಿದ್ದೆ. ಅಕ್ಕ ಮನೆಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಇಸ್ತ್ರಿ ಮಾಡಿದ ಸೀರೆ, ತಲೆತುಂಬ ಸೆರಗು, ಹಣೆಯಲ್ಲಿ ದುಂಡನೆಯ ಕುಂಕುಮ, ಪಕ್ಕದಲ್ಲಿ ಆಗತಾನೇ ಸೋಸಿದ ಚಹಾ. ನಿನ್ನ ಗಾಡಿ ತಿಕೋಟಾ ದಾಟಿದ್ದೇ ನನಗೆ ಕೇಳಿಸಿತು ಎಂದು ಬಡಾಯಿ ಕೊಚ್ಚುತ್ತಿದ್ದಳು. ಔಷಧಿಗೆ ಕೂದಲು ಉದುರಿದೆಯೆಂದು ಕೇಳಿದ್ದೆ, ಕಂಡಿರಲಿಲ್ಲ. ತಂಗಿಯ ಮುಂದೆ ಯಾಕೆ ಸೆರಗು ಎಂದರೆ ಬಿಸಿಲು ಎನ್ನುತ್ತಿದ್ದಳು. ಒಂದೆರಡು ತಾಸು ಊರವರ ಸುದ್ದಿಯೆಲ್ಲ ಮುಗಿಸಿ, ಕತ್ತಲಾಗುವ ಮೊದಲು ಮನೆ ಸೇರು ಎಂದು ತಾನೇ ಎಬ್ಬಿಸಿ ಕಳಿಸುತ್ತಿದ್ದಳು. ಬಂದು ಹೋಗುವ ನೆಂಟರಿಗೆಲ್ಲ ನಾನು, ಅಕ್ಕ ಆರಾಮಾಗಿದ್ದಾಳೆ, ಮುಖ ಮೊದಲಿಗಿಂತ ತುಂಬಿದೆ ಎಂದೇ ಹೇಳುತ್ತಿದ್ದೆ.

ಕೊನೆಗೆ ಹೊಗೆ ತಪಾಸಣೆಯಲ್ಲಿ ಕಾರು ನಪಾಸಾಯಿತು. ಪರೀಕ್ಷೆಯಲ್ಲಿ ನಪಾಸಾದವರಿಗೆ ಜೀವನಪೂರ್ತಿ ಬುದ್ಧಿ ಹೇಳಿದ ನನಗೆ ಆ ಯಂತ್ರದ ಮುಂದೆ ನಿಲ್ಲಲು ನಾಚಿಕೆಯಾಯಿತು. ನಮ್ಮ ಮೇಸ್ತ್ರಿ ದಸ್ತಗೀರ ಕಾರಿನಡಿಗೆ ತೂರಿ, ಹೊರಗೆ ಬಂದು, ಡಬ್ಬಿ ತೆಗೆದು ಖಾಲಿ ಪೈಪು ಕೂಡಿಸಿಬಿಡೋಣ, ಹಳೆ ಗಾಡಿಗೆ ಹೊಸ ಡಬ್ಬಿ ಯಾಕೆ, ಎಲ್ಲರೂ ಹೀಗೇ ಮಾಡಿಸುತ್ತಾರೆ ಎಂದ. ನಾನು ಅವನಿಗೆ ಕಾರ್ಬನ್ ಮೊನಾಕ್ಸೈಡಿನ ಮೇಲೆ ಒಂದು ಪಾಠವನ್ನೇ ಮಾಡಿದೆ. ಅವನು ನಟ್ಟು ಬಿಚ್ಚುವ ಪಾನಾ ಒರೆಸುತ್ತ ಪೂರ್ತಿ ಕೇಳಿ, ಸೊಲ್ಲಾಪುರಕ್ಕೆ ಫೋನು ಮಾಡಿ ಹೊಸದು ತರಿಸಿದ. ಕೂಡಿಸಿದ ಮೇಲೆ ಕೀಲಿ ತಿರುಗಿಸಿದೆ. ಎಂಜಿನ್ ಶುರುವಾಗಲಿಲ್ಲವೆಂದುಕೊಂಡು ಮತ್ತೆ ತಿರುಗಿಸಿದಾಗ ಅದು ಕರ್ರೆಂದಿತು. ಆಗಲೇ ಶುರುವಾಗಿತ್ತಂತೆ.

ಮರುದಿನ ಕಾಲೇಜಿನಲ್ಲಿ ನನಗೆ ಜ್ಞಾನೋದಯವಾಯಿತು. ತರಗತಿಯ ಬಾಗಿಲಿಗೆ ಬಂದರೆ ಒಳಗೆ ಸಂತೆ. ಒಬ್ಬ ಹುಡುಗಿ ನನ್ನ ಜಾಗದಲ್ಲಿ ನಿಂತು, ನನ್ನ ಹಾಗೆಯೇ ಕನ್ನಡಕ ಮೂಗಿನ ತುದಿಗೆ ಇಳಿಸಿ, ನನ್ನ ದನಿಯಲ್ಲೇ ವೇಗವರ್ಧಕದ ವ್ಯಾಖ್ಯೆ ಹೇಳುತ್ತಿದ್ದಳು. ನನಗಿಂತ ಚೆನ್ನಾಗಿಯೇ ಹೇಳುತ್ತಿದ್ದಳು. ನಾನು ಬಯ್ಯಲಿಲ್ಲ, ನಗು ಬಂದುಬಿಟ್ಟಿತು. ಇಷ್ಟು ವರ್ಷ ನಾನು ಕಂಡ ಶಿಸ್ತು ನನ್ನ ಕಾರು ಸಂಪಾದಿಸಿಕೊಟ್ಟದ್ದು. ಈ ಸುದ್ದಿಯನ್ನು ಅಕ್ಕನಿಗೆ ಹೇಳಿ ನಗಿಸಬೇಕೆಂದು ಭಾನುವಾರಕ್ಕೆ ಕಾದೆ.

ಆ ಭಾನುವಾರ ಕಟ್ಟೆ ಖಾಲಿಯಿತ್ತು. ಬಾಗಿಲು ಮುಂದೆ ಮಾಡಿತ್ತು. ಮಾಮಾ ತೋಟಕ್ಕೆ ಹೋಗಿರಬೇಕೆಂದುಕೊಂಡು ತಳ್ಳಿದೆ.

ಪಡಸಾಲೆಯಲ್ಲಿ ಹಾಸಿದ ಕೌದಿಯ ಮೇಲೆ ಅಕ್ಕ ಒರಗಿದ್ದಳು. ಮಾಮಾ ಅವಳ ಬೆನ್ನ ಹಿಂದೆ ಕೂತು ಒಂದು ಕೈಯಿಂದ ತನ್ನ ಎದೆಗೆ ಆನಿಸಿಕೊಂಡು, ಇನ್ನೊಂದು ಕೈಯಿಂದ ಚಮಚದಲ್ಲಿ ಅಂಬಲಿ ಕುಡಿಸುತ್ತಿದ್ದ. ತಲೆಯ ಮೇಲೆ ಒಂದು ಕೂದಲಿರಲಿಲ್ಲ. ಹಣೆ ಬೋಳಾಗಿತ್ತು. ಕುತ್ತಿಗೆ ಇಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ. ಪ್ರತಿ ಗುಟುಕಿಗೂ ಅವಳು ನರಳುತ್ತಿದ್ದಳು, ಮಾಮಾ ಪ್ರತಿ ನರಳಿಕೆಗೂ ಆಯ್ತು ಆಯ್ತು ಎನ್ನುತ್ತಿದ್ದ. ನನ್ನನ್ನು ಮೊದಲು ಕಂಡವಳು ಅಕ್ಕ. ಸೆರಗಿಗಾಗಿ ಕೈ ಚಾಚಿದಳು, ಎಡಗೈ ಮೇಲೇಳಲಿಲ್ಲ.

“ಬಸ್ಸಿಗೆ ಬಂದ್ಯಾ?” ಎಂದಳು.

“ಇಲ್ಲಬೇ, ಗಾಡಿ ತಂದೇನಿ. ರಿಪೇರಿ ಆಗೇತಿ.”

“ಹಂಗಂದ್ರ ಇನ್ನ ಮ್ಯಾಲೆ ಫೋನ್ ಮಾಡಿ ಬಾ,” ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ನಾನು ಹೊರಗೆ ಬಂದೆ. ಸ್ವಲ್ಪ ಹೊತ್ತಿಗೆ ಮಾಮಾ ಬಂದು ಕಟ್ಟೆಯ ತುದಿಗೆ ಕೂತ. ಅವನು ಅಷ್ಟು ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ರೋಗ ಬೆನ್ನೆಲುಬಿಗೆ ಇಳಿದಿದೆಯೆಂದು ಮೀರಜಿನ ಡಾಕ್ಟರು ಮಳೆಗಾಲದಲ್ಲೇ ಹೇಳಿದ್ದರಂತೆ. ನನಗೆ ಹೇಳಕೂಡದೆಂದು ಅಕ್ಕ ಆಣೆ ಹಾಕಿಸಿಕೊಂಡಿದ್ದಳಂತೆ. ಭಾನುವಾರ ಹಳ್ಳದ ಸೇತುವೆಯ ಕಡೆಯಿಂದ ನನ್ನ ಕಾರಿನ ಸದ್ದು ಕೇಳಿದೊಡನೆ ಮನೆಯಲ್ಲಿ ಗಡಿಬಿಡಿ. ಮುಂಜಾನೆಯೇ ಕಾಸಿಟ್ಟ ನೀರಿನಲ್ಲಿ ಮುಖ ತೊಳೆಸಬೇಕು, ಸೀರೆ ಉಡಿಸಬೇಕು, ಕುಂಕುಮ ಹಚ್ಚಬೇಕು, ಎತ್ತಿ ತಂದು ಕಟ್ಟೆಯ ಮೇಲೆ ಕೂರಿಸಿ ಬೆನ್ನಿಗೆ ದಿಂಬು ಕೊಡಬೇಕು. ಚಹಾ ಸೋಸುತ್ತಿದ್ದವನೂ ಮಾಮಾನೇ. ನಾನು ಹೋದ ಮೇಲೆ ಅಕ್ಕ ಮರುದಿನ ಸಂಜೆಯವರೆಗೂ ಕಣ್ಣು ಬಿಡುತ್ತಿರಲಿಲ್ಲವಂತೆ.

“ಆ ಗಾಡಿ ಸಪ್ಪಳ ಬಂತಂದ್ರ ಅಕಿ ಮುಖದಾಗ ಜೀವ ಬರ್ತಿತ್ತು ನೋಡವ್ವಾ,” ಎಂದ ಮಾಮಾ. “ನೀ ರಿಪೇರಿ ಮಾಡಿಸಿದ್ದು ಛಲೋನ ಆತು. ಆದ್ರ ಸಪ್ಪಳ ನಿಂತೈತಲ್ಲ, ಇದಕ್ಕೇನು ಮಾಡೂದು, ಹೇಳು.”

ನಮ್ಮ ಕಡೆ ಹಿರಿಯರು ಮನೆಯೊಳಗೆ ಬರುವ ಮುಂಚೆ ಹೊಸ್ತಿಲಾಚೆ ನಿಂತು ಕೆಮ್ಮುತ್ತಿದ್ದರು. ಗಂಟಲು ಕೆಟ್ಟದ್ದಕ್ಕಲ್ಲ. ಒಳಗಿನವರು ಸೆರಗು ಸರಿಮಾಡಿಕೊಳ್ಳಲಿ, ಅಳುತ್ತಿದ್ದರೆ ಕಣ್ಣೊರೆಸಿಕೊಳ್ಳಲಿ, ಜಗಳವಾಡುತ್ತಿದ್ದರೆ ದನಿ ತಗ್ಗಿಸಲಿ ಎಂದು. ಆ ಸುಳ್ಳು ಕೆಮ್ಮಿನಷ್ಟು ಸಭ್ಯವಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಆ ದಿನ ವಾಪಸು ಬರುವಾಗ ತಿಕೋಟಾದವರೆಗೂ ಅದನ್ನೇ ಯೋಚಿಸಿದೆ. ಆಮೇಲೆ ಯೋಚಿಸಲಾಗದೆ ಕಾರು ಬದಿಗೆ ನಿಲ್ಲಿಸಿ ಅತ್ತೆ.

ಮುಂದಿನ ಭಾನುವಾರ ಫೋನಿನ ಬದಲು ಹಳ್ಳದ ಸೇತುವೆಯ ಮೇಲೆ ನಿಂತು ಉದ್ದಕ್ಕೆ ಹಾರ್ನ್ ಹೊಡೆದೆ. ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಒಬ್ಬ ಮನುಷ್ಯ ಇನ್ನೊಬ್ಬಳನ್ನು ಸಿಂಗರಿಸಿ ಹೊತ್ತು ತರಲು ಬೇಕಾಗುವಷ್ಟು ಹೊತ್ತು ಕಾದೆ. ಹೋದಾಗ ಅಕ್ಕ ಕಟ್ಟೆಯ ಮೇಲಿದ್ದಳು. ಕುಂಕುಮ ದುಂಡಗಿತ್ತು. ನಾನು ತರಗತಿಯ ಹುಡುಗಿಯ ಕಥೆ ಹೇಳಿದೆ, ಅವಳು ನಕ್ಕಳು. ಹಿಂದಿನ ವಾರದ ಮಾತನ್ನು ಇಬ್ಬರೂ ಎತ್ತಲಿಲ್ಲ. ಹೀಗೇ ಕೆಲವು ಭಾನುವಾರ ನಡೆಯಿತು. ನಾನು ಮಾಡುತ್ತಿರುವುದು ಉಪಕಾರವೋ ಹಿಂಸೆಯೋ ತಿಳಿಯುತ್ತಿರಲಿಲ್ಲ. ಹಾರ್ನ್ ಹೊಡೆದರೆ ಅವಳ ಮೈ ದಣಿಯುತ್ತದೆ, ಹೊಡೆಯದಿದ್ದರೆ ಮನಸ್ಸು ನೋಯುತ್ತದೆ. ಪ್ರತಿಸಲವೂ ಕೈ ಹಾರ್ನಿನ ಮೇಲಿಟ್ಟು ಒಂದು ಕ್ಷಣ ಹಿಂಜರಿಯುತ್ತಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಒಂದು ಭಾನುವಾರ ಹಾರ್ನ್ ಹೊಡೆದು, ಕಾದು ಹೋದರೂ ಕಟ್ಟೆ ಖಾಲಿಯಿತ್ತು. ಮಾಮಾ ಬಾಗಿಲಲ್ಲಿ ನಿಂತಿದ್ದ. ಹಾರ್ನ್ ಅವಳಿಗೆ ಕೇಳಿಸಿದೆ, ಒಳಗೇ ಬರಬೇಕಂತೆ ಎಂದ. ಅಕ್ಕ ಕೌದಿಯ ಮೇಲೆ ಮಲಗಿದ್ದಳು. ಸೆರಗಿಗೆ ಕೈ ಹಾಕಲಿಲ್ಲ.

“ಇನ್ನ ಹಾರ್ನ್ ಹೊಡೀಬ್ಯಾಡ ನೀಲಾ. ಸುಮ್ನ ಬಂದುಬಿಡು,” ಎಂದಳು. “ಅವರಿಗೂ ಸಾಕಾಗೇತಿ, ನನಗೂ ಸಾಕಾಗೇತಿ.”

ಎಣ್ಣೆಯ ಬಟ್ಟಲು ಅಲ್ಲೇ ಇತ್ತು, ಕಣ್ಣಿನಲ್ಲೇ ತೋರಿಸಿದಳು. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚಿದೆ. ಕೂಸಿನ ನೆತ್ತಿಯ ಹಾಗೆ ಬೆಚ್ಚಗಿತ್ತು. ನೆತ್ತಿಯಿಂದ ಕಿವಿಯವರೆಗೆ ಮೆಲ್ಲಗೆ ತಿಕ್ಕಿದೆ. ಕಣ್ಣು ಮುಚ್ಚಿಕೊಂಡೇ ಹೇಳಿದಳು:

“ಜಡಿ ಬಿಗಿಯಾಗಿ ಹಾಕಬ್ಯಾಡ ಬೇ. ತಲಿ ನೋಯ್ತೈತಿ.”

ಬಾಗಿಲಲ್ಲಿದ್ದ ಮಾಮಾ ಮೊದಲು ನಕ್ಕ. ಆಮೇಲೆ ನಾವಿಬ್ಬರೂ ನಕ್ಕೆವು. ಅಕ್ಕ ಅವತ್ತು ನಗಿಸಿದ್ದು ವಿಷಯ ಮರೆಸಲಿಕ್ಕಲ್ಲ.

ದ್ರಾಕ್ಷಿಗೆ ಸಿಹಿ ತುಂಬುವ ಮೊದಲೇ ಅಕ್ಕ ಹೋದಳು. ಮುತ್ತೈದೆಯಾಗಿ ಹೋದವಳಿಗೆ ಹಸಿರು ಸೀರೆ ಉಡಿಸಲು ಓಣಿಯ ಹೆಂಗಸರು ಸೇರಿದ್ದರು. ಒಬ್ಬರು ಸೆರಗು ಎಳೆದು ಎಡಭುಜಕ್ಕೆ ಸಿಕ್ಕಿಸಹೋದಾಗ, ಹೊರಗಿನಿಂದ ಮಾಮಾ ಒಳಗೆ ಬಂದ. ಗಂಡಸರು ಬರುವ ಹೊತ್ತಲ್ಲ ಅದು.

“ಸ್ವಲ್ಪ ಸರೀರಿ. ಅಕಿಗೆ ಎಡಗಡೆ ಬಿಗಿ ಆದ್ರ ತಡಿಯೂದಿಲ್ಲ,” ಎಂದು ಸೆರಗನ್ನು ಸಡಿಲಿಸಿ, ತಲೆಯ ಮೇಲೆ ತಂದು, ಕಿವಿಯ ಹಿಂದೆ ಅಡಗಿಸಿದ. ಬೆರಳ ತುದಿಯಿಂದ ಕುಂಕುಮ ಇಟ್ಟ. ಓಣಿಯ ಹಿರಿಯ ಮುದುಕಿಯೊಬ್ಬಳು, ಇದೆಲ್ಲ ಯಾರು ಕಲಿಸಿದರಪ್ಪಾ ನಿನಗೆ ಎಂದು ಕೇಳಿದಳು. ಅವನು ಸೆರಗಿನ ಅಂಚನ್ನು ಇನ್ನೊಮ್ಮೆ ಸರಿಮಾಡಿದ. ಯಾರಿಗಾಗಿ ಕಲಿತನೆಂಬುದು ನನಗೆ ಗೊತ್ತಿದ್ದರಿಂದ ನಾನು ತಲೆ ಎತ್ತಲಿಲ್ಲ.

ಈಗಲೂ ಆಗೊಮ್ಮೆ ಈಗೊಮ್ಮೆ ಹೊನವಾಡಕ್ಕೆ ಹೋಗುತ್ತೇನೆ. ಹೋದ ತಿಂಗಳು ಒಂದು ಮುಂಜಾನೆ ಹೋದಾಗ, ಹೇಗಿದ್ದೀರಿ ಎಂದೆ. ಆರಾಮ ಎಂದ ಮಾಮಾ. ಮೊದಲಾಗಿದ್ದರೆ ಅದನ್ನು ಸುದ್ದಿಯೆಂದು ತಿಳಿದು, ಊರಿಗೆಲ್ಲ ಹೇಳಿ ಬರುತ್ತಿದ್ದೆ. ಆರಾಮ ಎಂಬುದು ಸುದ್ದಿಯಲ್ಲ, ಬಂದವರಿಗೆ ಕೊಡುವ ಚಹಾದ ಹಾಗೆ ಒಂದು ಉಪಚಾರ. ತೆಗೆದುಕೊಳ್ಳಬೇಕು, ಆದರೆ ಅಷ್ಟಕ್ಕೇ ಎದ್ದು ಹೊರಡಬಾರದು. ನಾನು ಕೂತೇ ಇದ್ದೆ. ಗೋಡೆಯಾಚೆ ಅವನ ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ನಿಂತ ಮೇಲೆ ಮಾಮಾ ಬಾಯಿ ಬಿಟ್ಟ.

“ದಿನಾ ಮುಂಜಾನೆ ಎದ್ದಕೂಡ್ಲೆ ನೀರು ಕಾಸ್ತೇನಿ. ಕಾಸಿದ ಮ್ಯಾಲೆ ನೆನಪಾಗತೈತಿ, ಯಾರಿಗೆ ಬೇಕು ಅಂತ.”

“ಇವತ್ತೂ ಕಾಸೀರೇನ್ರಿ?”

“ಹೂಂ. ಒಲಿ ಮ್ಯಾಲ ಐತಿ.”

ನಾನು ಎದ್ದು ಒಳಗೆ ಹೋಗಿ, ಆ ನೀರನ್ನು ತಂಬಿಗೆಗೆ ಬಗ್ಗಿಸಿಕೊಂಡು ಮುಖ ತೊಳೆದುಕೊಂಡೆ. ಇನ್ನೂ ಹದವಾಗಿ ಬಿಸಿಯಿತ್ತು. ತಿರುಗಿ ನೋಡಿದರೆ ಮಾಮಾ ಟವೆಲ್ಲು ಹಿಡಿದು ಬಾಗಿಲಲ್ಲಿ ನಿಂತಿದ್ದ.