"ನೀರ ಇಳೀತೇನ?"

ನನ್ನವ್ವ ನನ್ನ ಹೆಸರು ಮರೆತದ್ದು 1988ರ ಶ್ರಾವಣದಲ್ಲಿ. ಮೈಲಾರಲಿಂಗನನ್ನು ನಂಬಿದ ಬಂಧುಗಳೇ, ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಇದರಲ್ಲಿ ನನ್ನ ತಪ್ಪೇ ಹೆಚ್ಚು. ಅವ್ವನಿಗೆ ಆಗ ಎಪ್ಪತ್ತರ ಮೇಲೆ. ರಾಣೇಬೆನ್ನೂರಿನ ಮನೆಯಲ್ಲಿ ಇದ್ದವರು ನಾವಿಬ್ಬರೇ. ನಾನು ದಿನಾ ಬಸ್ಸಿನಲ್ಲಿ ಬ್ಯಾಡಗಿಗೆ ಹೋಗಿ ಶಾಲೆಯಲ್ಲಿ ಕಲಿಸಿ ಸಂಜೆ ಬರುತ್ತಿದ್ದೆ. ಅಲ್ಲಿಯವರೆಗೆ ಪಕ್ಕದ ಮನೆಯ ಖೈರುನ್‌ಬಿ ಅವ್ವನನ್ನು ನೋಡಿಕೊಳ್ಳುತ್ತಿದ್ದರು. ಒಂದು ಸಂಜೆ ಬಾಗಿಲು ತೆಗೆದ ಅವ್ವ, "ಯಾರು ಬೇಕಾಗಿತ್ರಿ?" ಎಂದಳು. ಹೆತ್ತವಳ ಬಾಯಿಂದ ಬಂದ ಆ 'ರಿ' ನನ್ನ ಎದೆಗೆ ನಾಟಿತು.

ಹಾವೇರಿಯ ಡಾಕ್ಟರು ನೋಡಿ, "ಇದು ಮರೆವಿನ ರೋಗ, ವಾಸಿ ಆಗೂದಿಲ್ಲ. ಅವರ ಜೋಡಿ ವಾದ ಮಾಡಬ್ಯಾಡ್ರಿ" ಎಂದರು. ವಾದ ಮಾಡದೆ ಇರುವುದು ಹೇಗೆ? ಇಪ್ಪತ್ತು ವರ್ಷ ಮಕ್ಕಳ ಪಾಟಿ ತಿದ್ದಿದ ಕೈ ನನ್ನದು. ಅವ್ವನನ್ನೂ ತಿದ್ದತೊಡಗಿದೆ. "ನಮ್ಮವ್ವ ಎಲ್ಲಿ?" ಎಂದರೆ, "ಅಕಿ ಸತ್ತು ಮೂವತ್ತು ವರ್ಷ ಆತು" ಎನ್ನುತ್ತಿದ್ದೆ. ಆಗತಾನೇ ಸುದ್ದಿ ಕೇಳಿದವಳಂತೆ ಅವ್ವ ಅಳುತ್ತಿದ್ದಳು. ಮರುದಿನ ಮತ್ತೆ ಕೇಳುತ್ತಿದ್ದಳು, ನಾನು ಮತ್ತೆ ಹೇಳುತ್ತಿದ್ದೆ. ನನ್ನಂಥ ಶಾಣ್ಯಾಕಿ ಊರಲ್ಲೇ ಇರಲಿಲ್ಲ.

ಸಂಜೆಯಾದರೆ ಇನ್ನೊಂದು ಮಾತು: "ನೀರ ಇಳೀತೇನ?" ತಂಬಿಗೆ ನೀರು ಕೊಟ್ಟರೆ ತಳ್ಳಿಬಿಡುತ್ತಿದ್ದಳು. "ನಳಾ ಇನ್ನೂ ಬಂದಿಲ್ಲ, ಸುಮ್ನ ಉಣ್ಣು" ಎಂದು ನಾನು ರೇಗುವುದು, ಅವಳು ಬಾಯಿ ಬಿಗಿಹಿಡಿದು ಉಪವಾಸ ಮಲಗುವುದು. ತಾಯಿಯಂತೆ ಮಗಳು, ಹಟದಲ್ಲಿ ಒಬ್ಬರಿಗೊಬ್ಬರು ಕಡಿಮೆಯಿಲ್ಲ. ಅವ್ವ ಕಡ್ಡಿಯಾದಳು.

ಒಂದು ಭಾನುವಾರ ಅವಳನ್ನು ಖೈರುನ್‌ಬಿಗೆ ಒಪ್ಪಿಸಿ ಮೈಲಾರಲಿಂಗನ ದೇವರಗುಡ್ಡದ ಬಸ್ಸು ಹತ್ತಿದೆ. ದೇವರ ಮುಂದೆ ನಿಂತು ಬೇಡಿದ್ದು ಇಷ್ಟೇ: "ಸಾಯೂದ್ರೊಳಗ ಒಮ್ಮೆ ನನ್ನ ಹೆಸರು ಅಕಿ ಬಾಯಿಂದ ಬರಲಿ ನಮ್ಮಪ್ಪಾ." ಹೊರಗೆ ಮೆಟ್ಟಿಲ ಮೇಲೆ ಕರಿ ಕಂಬಳಿ ಹೊದ್ದ ಮುದುಕ ಗೊರವಯ್ಯ ಕುಳಿತಿದ್ದ. ನನ್ನ ಹಣೆಗೆ ಭಂಡಾರ ಹಚ್ಚುತ್ತಾ, "ಯಾಕ ಯವ್ವಾ, ಅಳಾಕತ್ತಿ?" ಎಂದ. ಎಲ್ಲ ಹೇಳಿದೆ. ಅವ್ವನ ಅರ್ಥವಿಲ್ಲದ ಮಾತು ಕೇಳಿ ಕೇಳಿ ತಲೆ ಕೆಟ್ಟಿದೆ ಎಂದು ದೂರನ್ನೂ ಹೇಳಿದೆ.

ಗೊರವಯ್ಯ ನಕ್ಕ. "ನವಮಿಗೆ ಇಲ್ಲಿ ದೇವರು ನುಡಿಯೂ ಕಾರಣಿಕ ಕೇಳೀಯಿಲ್ಲೋ? ಬಿಲ್ಲ ಏರಿದ ಗೊರವ 'ಸದ್ದಲೇ' ಅಂದ್ರ ಅಷ್ಟೂ ಮಂದಿ ಉಸುರು ಬಿಗಿಹಿಡೀತೀರಿ. ಅಂವ ಅನ್ನೂದು ಒಂದ ಮಾತು. ಅದನ್ನ ಯಾರರ ತಪ್ಪು ಅಂತೀರೇನು? ಮಳಿ ಏನು, ಬೆಳಿ ಏನು ಅಂತ ವರ್ಷಾನಗಟ್ಟಲೆ ಅರ್ಥ ಹುಡುಕ್ತೀರಿ. ಹಡದಾಕಿ ಮಾತಿಗೂ ಅಷ್ಟು ಸದ್ದಡಗಿಸಿ ನೋಡು."

ಆ ಸಂಜೆ ಅವ್ವ ಕೇಳಿದಾಗ ನಾನು ತಂಬಿಗೆ ತರಲಿಲ್ಲ. ಅವಳ ಎದುರಿಗೆ ಕುಳಿತು, ಮುಖ ನೋಡುತ್ತಾ ಸುಮ್ಮನಿದ್ದೆ. ಎಷ್ಟೋ ಹೊತ್ತಿನ ಮೇಲೆ ಮೆಲ್ಲಗೆ, "ಯಾವ ನೀರವ್ವಾ?" ಎಂದೆ.

"ಹೊಳಿ ನೀರು. ಐರಣಿ ಹೊಳಿ. ಹರಗೋಲು ಬಿಡವಲ್ರು."

ಐರಣಿ ಅವಳ ತವರು. ಅವಸರ ಮಾಡದೆ ಕೇಳಿದೆ, "ದಾಟೂದು ಭಾಳ ಜರೂರ ಐತೇನ?"

"ಆಚೀ ದಂಡ್ಯಾಗ ನನ್ನ ಕೂಸು ಐತಿ. ಮೂರು ದಿನಾ ಆತು ಮಾರಿ ನೋಡಿ."

"ಕೂಸಿನ ಹೆಸರೇನು?"

"ಗಿರಿಜಾ."

ಅದು ನನ್ನ ಹೆಸರು.

ಮುಂದಿನ ವಾರ ಐರಣಿಗೆ ಹೋಗಿ ಸೋದರಮಾವನನ್ನು ಕೇಳಿದೆ. ಖರೇ ಎಂದ. ನಾನು ಮೊಲೆ ಕುಡಿಯುವ ಕೂಸಾಗಿದ್ದಾಗ, ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಅವ್ವ ಆಚೆ ದಂಡೆಯ ಹೊಲಕ್ಕೆ ಕೂಲಿಗೆ ಹೋಗಿದ್ದಳಂತೆ. ಹೊಳೆ ಬಂದು ಮೂರು ದಿನ ಅಲ್ಲೇ ಸಿಕ್ಕಿಬಿದ್ದಿದ್ದಳಂತೆ. ಈ ಕತೆ ನನಗೆ ಯಾರೂ ಹೇಳಿರಲಿಲ್ಲ. ಅವ್ವ ನನ್ನನ್ನು ಮರೆತಳೆಂದು ನಾನು ಅಳುತ್ತಿದ್ದರೆ, ಅವಳು ಸಂಜೆ ಸಂಜೆ ನನಗಾಗಿಯೇ ದಂಡೆಯಲ್ಲಿ ಕಾಯುತ್ತಿದ್ದಳು.

ಆಮೇಲೆ ಅವಳು ಕೇಳಿದಾಗಲೆಲ್ಲ, "ಕೂಸು ಹಾಲು ಕುಡದು ಅಜ್ಜಿ ತೊಡಿ ಮ್ಯಾಲ ಮಲಗೇತಿ. ನೀ ಉಂಡು ಗಟ್ಟಿ ಆಗು, ನಾಳೆ ಎತ್ತಿಕೋಬೇಕಲ್ಲ" ಎನ್ನುತ್ತಿದ್ದೆ. "ಹೌದೇನ್ರಿ?" ಎಂದು ಬಾಯಿ ತೆರೆಯುತ್ತಿದ್ದಳು. ಇನ್ನೂ ಎರಡು ವರ್ಷ ಬದುಕಿದಳು.

ನನ್ನ ಗುರುತು ಅವಳಿಗೆ ಕೊನೆಗೂ ಹತ್ತಲಿಲ್ಲ. ಬೇಡಿದ್ದನ್ನು ಬೇಡಿದಷ್ಟೇ ಕೊಟ್ಟ ನಮ್ಮಪ್ಪ. ಇನ್ನಷ್ಟು ಬೇಡಬೇಕಿತ್ತು ಎಂದು ಒಮ್ಮೊಮ್ಮೆ ಅನಿಸುತ್ತದೆ, ಸುಳ್ಳು ಹೇಳಲಾರೆ. ಆದರೆ ಅವನು ಕೇಳಿಸಿಕೊಳ್ಳುತ್ತಾನೆ ಎಂಬುದರಲ್ಲಿ ನನಗೆ ಸಂಶಯ ಉಳಿದಿಲ್ಲ. ಒಂದು ಮಧ್ಯಾಹ್ನ ಅನ್ನ ಕಲಸಿ ತುತ್ತು ಇಡುತ್ತಿದ್ದಾಗ ಅವ್ವ ನನ್ನ ಮುಖವನ್ನೇ ನೋಡಿ ಹೇಳಿದಳು:

"ನೀವು ಭಾಳ ಚೊಲೋರದೀರಿ. ನಮ್ಮ ಗಿರಿಜಾ ದೊಡ್ಡಾಕಿ ಆದ್ರ ನಿಮ್ಮಂಗ ಆಗಲಿ."

ನಾನು ಗುಡ್ಡದ ದಿಕ್ಕಿಗೆ ತಿರುಗಿ ಕೈ ಮುಗಿದೆ. ಎಂಜಲು ಕೈ, ತಂದೆ ಕ್ಷಮಿಸಿರಬೇಕು.